ಹಳದಿಯಾಗದ ನೀರು

ಮಾನ್ವಿ ರಸ್ತೆಯ ಗುಂಡಿಗಳಲ್ಲಿ ಕಾರು ಕುಪ್ಪಳಿಸಿ ನನ್ನ ಯಂತ್ರದ ತಾಮ್ರದ ತಗಡು ಸೊಟ್ಟಗಾಗಬಹುದಿತ್ತು. ಬ್ಯಾಟರಿ ಕೈಕೊಡಬಹುದಿತ್ತು. ಇರಲಿ ಎಂದು ಒಯ್ದ ಇನ್ನೊಂದು ಬ್ಯಾಟರಿಯೂ ಕೈಕೊಡಬಹುದಿತ್ತು. ಗಾಬರಿಯಲ್ಲಿ ನಾನು ಪ್ಲಸ್ ತಂತಿಯನ್ನು ಮೈನಸ್‌ಗೆ ಸಿಕ್ಕಿಸಬಹುದಿತ್ತು; ಇಪ್ಪತ್ತು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟವನಿಗೆ ಅದೇನು ಕಷ್ಟವಲ್ಲ. ಸಾಹೇಬರು ಬರದೇ ಇರಬಹುದಿತ್ತು. ಅದಕ್ಕಿಂತ ಕೆಟ್ಟದ್ದು, ಬರಬಹುದಿತ್ತು.

ಬಂದರು. ಸಾಹೇಬರೆಂದರೆ ರಾಯಚೂರಿನ ನಮ್ಮ ಕಾಲೇಜಿನ ಹಿರಿಯರು. ನನ್ನ ಯಂತ್ರ ಮಲ್ಲಟ ಊರಿನ ಬೋರಿನ ಪಕ್ಕ ಒಂದು ಬೆಳೆ ಮುಗಿಯುವವರೆಗೆ ಉಳಿಯಬೇಕೋ, ಪ್ರಯೋಗಾಲಯದ ಅಟ್ಟ ಸೇರಬೇಕೋ, ಅಂದೇ ಅವರ ತೀರ್ಮಾನ.

ಯಂತ್ರದ ಕೆಲಸ ಹೇಳಿದರೆ ನೀವು ನಗುತ್ತೀರಿ. ಭತ್ತಕ್ಕೆ ಚೀಲಗಟ್ಟಲೆ ಯೂರಿಯಾ ಸುರಿಯುತ್ತೇವೆ. ಪೈರು ಉಂಡು ಬಿಟ್ಟದ್ದು ನೈಟ್ರೇಟ್ ಆಗಿ ಬೋರಿಗಿಳಿಯುತ್ತದೆ. ಅದನ್ನೇ ಕುಡಿಯುತ್ತೇವೆ. ಆಮೇಲೆ ನನ್ನಂಥವನೊಬ್ಬ ಬಂದು, ವೇಗವರ್ಧಕ ಲೇಪಿಸಿದ ತಗಡನ್ನು ಆ ನೀರಲ್ಲಿ ಮುಳುಗಿಸಿ, ಕರೆಂಟು ಹರಿಸಿ, ನೈಟ್ರೇಟನ್ನು ಅಮೋನಿಯಾ ಮಾಡಿ, ‘ತಗೊಳ್ಳಿ, ಗೊಬ್ಬರ’ ಎಂದು ಅದೇ ಗದ್ದೆಗೆ ವಾಪಸು ಕೊಡುತ್ತಾನೆ. ಇದಕ್ಕೆ ಸಂಶೋಧನೆ ಎಂದು ಹೆಸರು.

ಕರೆಂಟು ಹೋಗಿ ಬೋರು ನಿಂತರೆ ಎಂಬ ಭಯಕ್ಕೆ, ಬೋರಿನ ಒಡತಿ ಅಕ್ಕನಿಗೆ ಹಿಂದಿನ ದಿನವೇ ಫೋನು ಮಾಡಿ ಒಂದು ಕ್ಯಾನ್ ನೀರು ತುಂಬಿಡಲು ಹೇಳಿದ್ದೆ. ತುಂಬಿಟ್ಟಿದ್ದಳು. ಕರೆಂಟು ಸರಾಗ ಹರಿಯಲೆಂದು ಅಭ್ಯಾಸದಂತೆ ಲವಣ ಬೆರೆಸಿ ಯಂತ್ರ ಚಾಲೂ ಮಾಡಿದೆ. ಗುಳ್ಳೆಗಳು ಎದ್ದವು. ಅರ್ಧ ತಾಸಿನ ನಂತರ, ಅಮೋನಿಯಾ ಇದ್ದರೆ ಹಳದಿಗೆ ತಿರುಗುವ ದ್ರಾವಣವನ್ನು ಆ ನೀರಿಗೆ ಬಿಟ್ಟೆ. ಒಂದು ಹನಿ. ಎರಡು. ಐದು. ಹಳದಿಯಾದದ್ದು ನನ್ನ ಮುಖವೊಂದೇ.

“ಏನ್ರೀ ಮಾಸ್ತರ, ನಿಮ್ಮ ಅಮೋನಿಯಾಕ್ಕ ನಾಚಿಕಿ ಬಂತೇನು?” ಎಂದರು ಸಾಹೇಬರು.

“ಅಕ್ಕಾ, ಇವು ಬೋರಿನ ನೀರು ಹೌದಲ್ಲ?” ಎಂದು ಕೇಳಿದೆ.

“ಛೇ ಬಿಡ್ರೀ! ರಾಯಚೂರಿಂದ ಬಂದೋರಿಗೆ ಆ ಹಾಳ ನೀರು ಕೊಡ್ತೀನೇನ್ರೀ? ನಸುಕಿನ್ಯಾಗ ಫಿಲ್ಟರ್ ನೀರಿನ ಘಟಕಕ್ಕ ಹೋಗಿ, ಪಾಳಿ ಹಚ್ಚಿ ತಂದೀನಿ. ಕುಡದು ನೋಡ್ರಿ, ಎಷ್ಟು ಸೀ ಅದಾವ!”

ಸಾಹೇಬರು ಕ್ಯಾನಿನಿಂದ ಒಂದು ಲೋಟ ಬಗ್ಗಿಸಿಕೊಂಡು ಕುಡಿದರು. “ಯಂತ್ರ ಇಲ್ಲೇ ಇರಲಿ ಬಿಡ್ರಿ. ಫಿಲ್ಟರ್ ನೀರಾಗ ನೈಟ್ರೇಟ್ ಎಲ್ಲೀದು? ಇಲ್ಲದ್ದನ್ನ ಅದ ಅನ್ನಲಿಲ್ಲ ಇದು. ನೀವು ಬರಿಯೋ ವರದಿಗಿಂತ ವಾಸಿ.”

ಫೋನಿನಲ್ಲಿ ಮೇಜು ಎಷ್ಟೆತ್ತರ ಇರಬೇಕು, ನೆರಳು ಯಾವ ಕಡೆ ಬೀಳಬೇಕು ಎಂದೆಲ್ಲ ಹೇಳಿದ್ದೆ. ಯಾವ ನೀರು ಎಂದು ಹೇಳಿರಲಿಲ್ಲ.