ರೂಟ್ ಎಂಬ ಹೆಸರು

ಎಂಬತ್ತರ ದಶಕದ ಕೊನೆಗೆ ರಾಯಚೂರಿನ ನಮ್ಮ ಕಚೇರಿಗೆ ಯುನಿಕ್ಸ್ ಕಂಪ್ಯೂಟರ್ ಬಂತು. ಉಸ್ತುವಾರಿ ನನ್ನದು. ಒಂದೇ ಯಂತ್ರ, ನಾಲ್ಕು ಪರದೆ; ಪ್ರತಿಯೊಬ್ಬರೂ ತಮ್ಮ ಹೆಸರು, ಗುಪ್ತಪದ ಕೊಟ್ಟು ಒಳಹೋಗಬೇಕು. ಎಲ್ಲರ ಮೇಲೊಂದು ಹೆಸರಿತ್ತು: ರೂಟ್. ಆ ಹೆಸರಿನಲ್ಲಿ ಕೂತವರು ಏನು ಅಳಿಸೆಂದರೂ ಯಂತ್ರ ತುಟಿ ಪಿಟಕ್ಕೆನ್ನದೆ ಅಳಿಸುತ್ತಿತ್ತು. ಅದಕ್ಕೇ ದಿನದ ಕೆಲಸಕ್ಕೆ ನಾನೂ ನನ್ನ ಸಾದಾ ಹೆಸರಿನಲ್ಲೇ ಕೂರುತ್ತಿದ್ದೆ.

ನಮ್ಮ ಸಾಹೇಬರಿಗೆ ಇದು ಹಿಡಿಸಲಿಲ್ಲ. ದೊಡ್ಡ ಕುರ್ಚಿ, ನೆತ್ತಿಯ ಮೇಲಿನ ಫ್ಯಾನು ತಮ್ಮದಾದ ಮೇಲೆ ದೊಡ್ಡ ಹೆಸರೂ ತಮ್ಮದೇ ಆಗಬೇಕೆಂಬ ಹಟ ಅವರದು.

"ನಾ ಇಲ್ಲಿ ದೊಡ್ಡಾಂವ ಅದೀನಿ. ಗುಮಾಸ್ತರಂಗ ಸಾದಾ ಹೆಸರಿನ್ಯಾಗ ಯಾಕ ಕೂಡ್ಲಿ?" ಎಂದರು.

ಬೇಡವೆಂದರೂ ಕೇಳದೆ, ಆದೇಶ ಹೊರಡಿಸಿ ಗುಪ್ತಪದ ಪಡೆದರು. ವಾರದೊಳಗೆ, ಯಂತ್ರದಲ್ಲಿ ಜಾಗ ಖಾಲಿ ಮಾಡಲು ಹೋಗಿ, ಮಾನ್ವಿ ತಾಲೂಕಿನ ವಿಧವಾ ವೇತನದ ಹೆಸರುಗಳನ್ನೆಲ್ಲ ಅಳಿಸಿಬಿಟ್ಟರು. ನಾನು ಟೇಪಿನಲ್ಲಿ ನಕಲು ಇಟ್ಟಿರದಿದ್ದರೆ ಅಲ್ಲಿನ ಚೀಕಲಪರ್ವಿಯ ಮುದುಕಿಯರು ಬಾರದ ಮನಿಯಾರ್ಡರಿನ ದಾರಿ ಕಾಯುತ್ತ ಕೂರಬೇಕಿತ್ತು. ದೇವದುರ್ಗದ ಕಡೆ ನನ್ನ ಅವ್ವನೂ ಅಂಥದೇ ಹಣಕ್ಕೆ ಕಾಯುವವಳು.

ಹೆಸರುಗಳನ್ನು ವಾಪಸು ತಂದೆ. ಆಮೇಲೆ ರೂಟಿನ ಗುಪ್ತಪದ ಬದಲಿಸಿ, ಹೊಸದನ್ನು ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಒತ್ತಿ ತಿಜೋರಿಗೆ ಹಾಕಿದೆ. ನಾನಿಲ್ಲದಾಗ ತುರ್ತಿದ್ದರೆ ಒಡೆಯಿರಿ, ಸುಮ್ಮನೆ ಒಡೆದರೆ ಮತ್ತೆ ಬದಲಿಸುತ್ತೇನೆ ಎಂದು ಸಾಹೇಬರ ಮುಖಕ್ಕೇ ಹೇಳಿದೆ. ಸಾಹೇಬರು ಎತ್ತಂಗಡಿ ಮಾಡಿಸುವುದಾಗಿ ಗುಡುಗಿದರು. ಇಂಥವರ ಕೈಗೆ ಕೀಲಿ ಕೊಟ್ಟರೆ ಇಷ್ಟೇ ಎಂದು ಯಾರಿಗೋ ಹೇಳಿದ್ದೂ ಕಿವಿಗೆ ಬಿತ್ತು. ಊರ ಬಾವಿಕಟ್ಟೆಯ ಕೆಳಗೆ ಖಾಲಿ ಕೊಡ ಹಿಡಿದು, ಮೇಲಿದ್ದವರು ಯಾರಾದರೂ ನೀರು ಹಾಕಲಿ ಎಂದು ನಿಂತ ಅವ್ವನ ಮಗಳು ನಾನು. ಎಲ್ಲಿಗೆ ಎಸೆದರೂ ಬಸ್ಸು ಹತ್ತುತ್ತೇನೆ, ಗುಪ್ತಪದ ಮಾತ್ರ ಕೊಡುವುದಿಲ್ಲ ಎಂದುಕೊಂಡೆ.

ಮರುದಿನ ಸಾಹೇಬರು ಬೇರೆ ದಾರಿಯಿಲ್ಲದೆ ತಮ್ಮ ಸಾದಾ ಹೆಸರಿನಲ್ಲಿ ಕೂತು, ತಮ್ಮ ಮಾತು ನಡೆಯುತ್ತದೋ ಇಲ್ಲವೋ ನೋಡೇಬಿಡುವ ಹಟಕ್ಕೆ ಮತ್ತೆ ಅದೇ ಹೆಸರುಗಳ ಕಡತ ಅಳಿಸಲು ಹೋದರು. ಯಂತ್ರ ಅನುಮತಿ ಇಲ್ಲ ಎಂದಿತು. ಬೇಕೆಂದೇ ತಮಗೊಬ್ಬರಿಗೇ ಹೀಗೆ ಅವಮಾನ ಮಾಡಿಸಿದ್ದೇನೆಂದು ನನ್ನನ್ನು ಕರೆದು ಕೂಗಾಡಿದರು. ನಾನು ಪಕ್ಕದ ಪರದೆಯಲ್ಲಿ, ನನ್ನ ಸಾದಾ ಹೆಸರಿನಲ್ಲಿ, ಅದೇ ಆಜ್ಞೆ ಕೊಟ್ಟೆ. ಅದೇ ಉತ್ತರ ಬಂತು.

"ನೋಡ್ರಿ ಸರ್, ನನಗೂ ಇಲ್ಲ ಅಂತದ," ಎಂದೆ.

ಅವರು ಎರಡೂ ಪರದೆಗಳನ್ನು ಒಂದೊಂದಾಗಿ ನೋಡಿದರು. ಅವರಂಥವರಿಗೂ ನನ್ನಂಥವಳಿಗೂ ಒಂದೇ 'ಇಲ್ಲ' ಸಿಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅದನ್ನು ಬದಲಿಸುವ ಕೀಲಿ ನನ್ನ ಹತ್ತಿರವೇ ಇತ್ತು. ಆ ಕಚೇರಿಯಲ್ಲಿ ಇದ್ದಷ್ಟು ದಿನವೂ ಬದಲಿಸಲಿಲ್ಲ.