ಬೀಗದ ಕೈ ಕೇಳುವ ಡೆಲ್ಫೀನ್

ಬೆಳಗಿನ ಆರೂವರೆ. ಕೆನಡಾದ ವಿನ್ನಿಪೆಗ್‌ನ ಉತ್ತರ ಬಡಾವಣೆಯ ಸಮುದಾಯ ಭವನದ ಮೆಟ್ಟಿಲ ಮೇಲೆ ಡೆಲ್ಫೀನ್ ಒಕೆಮಾ ಕೈಗವಸು ಬಿಚ್ಚಿ, ಸಾಲಿನಲ್ಲಿ ಮೊದಲು ನಿಂತ ವೆಸ್ಲಿಯ ಅಂಗೈಗೆ ಒಂದು ಚಿಟಿಕೆ ತಂಬಾಕು ಹಾಕುತ್ತಾರೆ. ಬರಿಗೈಯಲ್ಲಿ ಯಾರ ಕಷ್ಟವನ್ನೂ ಕೇಳಬಾರದೆಂಬುದು ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನರ ರೀತಿ. ಮೈನಸ್ ಇಪ್ಪತ್ತೆಂಟರ ಚಳಿಯಲ್ಲಿ ಪೆನ್ನು ಬರೆಯುವುದಿಲ್ಲ, ಹಾಗಾಗಿ ಪೆನ್ಸಿಲ್ಲು.

"ಬೇಗ ಕೇಳಕ್ಕಾ, ನಿನ್ನ ಪ್ರಶ್ನೆ ಮುಗಿಯೋದ್ರೊಳಗೆ ನನ್ನ ರೊಟ್ಟಿ ಕಲ್ಲಾಗತ್ತೆ."

"ಮಲಗೋ ಮನೆಯ ಬೀಗದ ಕೈ ನಿನ್ನ ಹತ್ರ ಇದೆಯಾ?"

"ಅತ್ತೆ ಮನೆ ಇದೆಯಲ್ಲ, ಮನೆ ಇದೆ ಅಂತ ಬರ್ಕೋ," ಎಂದು ವೆಸ್ಲಿ ಸರಿದು ನಿಲ್ಲುತ್ತಾನೆ.

ನಗರ ಸೇರಿದ ಮೂಲನಿವಾಸಿಗಳಲ್ಲಿ ಸೂರಿಲ್ಲದವರೆಷ್ಟು ಎಂದು ಎಣಿಸಿ ವರದಿ ಬರೆಯುವುದು ಐವತ್ತೆಂಟರ ಡೆಲ್ಫೀನ್ ಕೆಲಸ. ದಿನಕ್ಕೆ ಹದಿನೈದು ಜನ, ಒಬ್ಬೊಬ್ಬರಿಗೆ ನಲವತ್ತು ಪ್ರಶ್ನೆ, ಹದಿನೆಂಟು ವರ್ಷಗಳಿಂದ ಇದೇ. ಆಶ್ರಯಧಾಮಗಳಲ್ಲಿ ಎಷ್ಟು ಹಾಸಿಗೆ ಬೇಕೆಂಬುದು ಈ ಅಂಕಿಗಳಿಂದಲೇ ತೀರ್ಮಾನವಾಗುತ್ತದೆ. ಹೊಗಳಿದರೆ ಅವರು ಮುಖ ತಿರುಗಿಸುತ್ತಾರೆ. ಅದು ವಿನಯವಲ್ಲ, ಹಿಂದೆ ಮಾಡಿದ ತಪ್ಪಿನ ನಾಚಿಕೆ.

ಮೂರು ವರ್ಷದ ಹಿಂದೆ ಸೂರಿನ ಬಗ್ಗೆ "ನಿನ್ನೆ ಎಲ್ಲಿ ಮಲಗಿದ್ದೆ?" ಎಂದಷ್ಟೇ ಕೇಳಿದ್ದರು. ಇನ್ನೂರಕ್ಕೂ ಹೆಚ್ಚು ಜನ ದೊಡ್ಡಮ್ಮನ ಮನೆ, ಅಕ್ಕನ ಮನೆ ಎಂದರು. ಡೆಲ್ಫೀನ್ 'ಮನೆ ಇದೆ' ಎಂದು ಗುರುತು ಹಾಕಿದರು. ದೊಡ್ಡಮ್ಮ ಬದುಕಿರುವಾಗ ಮನೆಯಿಲ್ಲ ಎನ್ನುವುದು ಆಕೆಯ ಮುಖಕ್ಕೆ ಮಸಿ ಬಳಿದಂತೆ ಎಂದು ಅವರಿಗೆ ಗೊತ್ತಿತ್ತು. ಅವರ ಸ್ವಂತ ದೊಡ್ಡಮ್ಮ ಫಿಲೊಮೆನ್‌ರ ಎರಡು ಕೋಣೆಗಳಲ್ಲೇ ಹನ್ನೊಂದು ಜನ ಸರದಿಯ ಮೇಲೆ ಮಲಗುತ್ತಿದ್ದರು.

"ಹೊರಗಿನವರು ತಪ್ಪು ಬರೆದಿದ್ರೆ ಬೈದು ಸುಮ್ನಾಗಬಹುದಿತ್ತು. ಗೊತ್ತಿದ್ದೂ ಬರೆದವಳು ನಾನು," ಎನ್ನುತ್ತಾರೆ ಡೆಲ್ಫೀನ್.

ವರದಿಯಲ್ಲಿ ಸಂಖ್ಯೆ ಇಳಿಯಿತು, ಮೂವತ್ತು ಹಾಸಿಗೆಯ ಆಶ್ರಯಧಾಮ ಮುಚ್ಚಿತು. ಅದೇ ಚಳಿಗಾಲದಲ್ಲಿ, ಮಿತಿ ಮೀರಿ ಜನರನ್ನಿಟ್ಟುಕೊಂಡರೆಂದು ಮಾಲೀಕ ಫಿಲೊಮೆನ್‌ರನ್ನು ಹೊರಹಾಕಿದ. ಹನ್ನೊಂದೂ ಜನ ಬೀದಿಗೆ ಬಿದ್ದರು. ಅವರಲ್ಲಿದ್ದ ಡೆಲ್ಫೀನ್‌ರ ಒಬ್ಬ ತಮ್ಮನ ಮೂರು ಕಾಲ್ಬೆರಳುಗಳನ್ನು ಚಳಿ ತಿಂದಿತು.

ಬೀಗದ ಕೈಯ ಪ್ರಶ್ನೆ ಸೇರಿಸಲು ಡೆಲ್ಫೀನ್ ಎರಡು ವರ್ಷ ಕಚೇರಿಗಳಿಗೆ ಅಲೆದಿದ್ದಾರೆ. ಕೈ ಇಲ್ಲದವರು ಯಾರ ಮನೆಯಲ್ಲಿ ಮಲಗಿದರೂ ಸೂರಿಲ್ಲದವರ ಲೆಕ್ಕಕ್ಕೆ ಸೇರುತ್ತಾರೆ. ಈ ವಾರ ಜನ ನಿಜ ಹೇಳಿದರೆ ಹಾಸಿಗೆಗಳು ಮರಳಬಹುದು. ಆದರೆ ಬೆಳಗಿನಿಂದ ಎಲ್ಲರದೂ ವೆಸ್ಲಿಯ ಉತ್ತರವೇ.

ಈಗ ಸಾಲಿನಲ್ಲಿ ಫಿಲೊಮೆನ್ ಮುಂದೆ ಬರುತ್ತಾರೆ. ಎಪ್ಪತ್ತಮೂರು ವರ್ಷ, ಮಲಗುವುದು ಮಗಳ ಮನೆಯ ಸೋಫಾದಲ್ಲಿ. ಅಂಗೈಗೆ ತಂಬಾಕು ಹಾಕಿ ಡೆಲ್ಫೀನ್ ಪೆನ್ಸಿಲ್ಲು ಕೆಳಗಿಳಿಸುತ್ತಾರೆ.

"ನಿನ್ನನ್ನ ಹೆಂಗೆ ಕೇಳ್ಲಿ ದೊಡ್ಡಮ್ಮಾ? ಬಿಡು."

"ಊರವರನ್ನೆಲ್ಲ ಕೇಳ್ತೀಯ. ನನಗೇನು ಬಾಯಿಲ್ವಾ?"

ಡೆಲ್ಫೀನ್ ಕಾಗದ ನೋಡುತ್ತಲೇ ಕೇಳುತ್ತಾರೆ. "ಬೀಗದ ಕೈ ಇದೆಯಾ?"

"ಇಲ್ಲ." ದನಿ ಸಾಲಿನ ಕೊನೆಯವರೆಗೂ ಮುಟ್ಟುವಷ್ಟಿದೆ. "ಮನೆ ಇಲ್ಲದವಳು ಅಂತ ಬರ್ಕೋ. ಹೋದ್ಸಲ ನನ್ನ ಮರ್ಯಾದೆ ಕಾಪಾಡಿದ್ಯಲ್ಲ, ಅಷ್ಟು ಸಾಕು."

ಡೆಲ್ಫೀನ್ ಬರೆದುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ವೆಸ್ಲಿ ಅರ್ಧ ತಿಂದ ರೊಟ್ಟಿ ಹಿಡಿದು ವಾಪಸು ಬಂದು ತನ್ನ ಉತ್ತರದ ಹಾಳೆಯ ಮೇಲೆ ಬೆರಳಿಡುತ್ತಾನೆ.

"ಅಕ್ಕಾ, ರಬ್ಬರ್ ಇದೆಯಾ?"