ಮಲಗಿದಾಗ ನೂರ ಹನ್ನೆರಡು

೧೯೮೩ರಲ್ಲಿ ನಂಜನಗೂಡಿನಲ್ಲಿ ನನ್ನದೊಂದು ಪುಟ್ಟ ಕ್ಲಿನಿಕ್ ಇತ್ತು. ಎಂ.ಡಿ. ಮುಗಿಸಿ ನಾಲ್ಕೇ ವರ್ಷವಾಗಿತ್ತು. ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಕೊಬ್ಬೂ ಸಾಕಷ್ಟಿತ್ತು.

ಆ ಮಾರ್ಚ್‌ನಲ್ಲಿ ದೇವನೂರಿನಿಂದ ಸಿದ್ದಯ್ಯ ಎಂಬಾತ ಬಂದ. ವಯಸ್ಸು ಐವತ್ತೆರಡು, ಹಳೆಯ ಸಕ್ಕರೆ ಕಾಯಿಲೆ. ಕಸುಬು, ತೆಂಗಿನಮರ ಹತ್ತಿ ಕಾಯಿ ಕೆಡವುವುದು.

"ಮಲ್ಗಿದ್ದು ಎದ್ರೆ ಕಣ್ಗೆ ಕತ್ಲೆ ಕಟ್ತದೆ ಸಾ. ಮರ ಅತ್ಬೌದಾ, ಬ್ಯಾಡ್ವಾ, ಅದೊಂದ್ ಏಳ್ಬುಡಿ," ಎಂದ.

ಪರೀಕ್ಷೆ ಸರಳ. ನಾವು ಎದ್ದು ನಿಂತ ಕೂಡಲೇ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಆಗ ರಕ್ತನಾಳಗಳು ತಾವಾಗಿಯೇ ಬಿಗಿದುಕೊಂಡು ಒತ್ತಡ ಕುಸಿಯದಂತೆ ತಡೆಯುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಈ ರಿಫ್ಲೆಕ್ಸ್ ಕೆಡಬಹುದು. ಅದನ್ನು ತಿಳಿಯಲು ಸೂಜಿ ಬೇಕಿಲ್ಲ. ಐದು ನಿಮಿಷ ಮಲಗಿಸಿ, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವುದು, ನಿಲ್ಲಿಸಿ ಮತ್ತೆ ನೋಡುವುದು. ಮೇಲಿನ ಅಂಕಿ ಇಪ್ಪತ್ತೋ ಅದಕ್ಕಿಂತ ಹೆಚ್ಚೋ ಇಳಿದರೆ ಅಪಾಯ. ಒಂದು ದಿನದ ಅಂಕಿಯನ್ನು ನಂಬಬಾರದೆಂದು, ತಿಂಗಳಿಗೊಮ್ಮೆಯಂತೆ ಮೂರು ಸಲ ಬರಹೇಳಿದೆ. ಅಲ್ಲಿಯವರೆಗೆ ಮರ ಹತ್ತಕೂಡದು ಎಂದೆ. ಪಾಪ, ಅಷ್ಟೂ ದಿನ ಕೂಲಿಯಿಲ್ಲದೆ ಕಾದ.

ಅಳೆದದ್ದು ಹಸಿರು ಬಟ್ಟೆಯ ಪರದೆಯ ಆಚೆ, ನನ್ನ ಕಾಂಪೌಂಡರ್ ರಾಚಪ್ಪ. ಮಲಗಿದಾಗ ೧೧೨, ನಿಂತಾಗ ೧೦೬. ಮುಂದಿನ ತಿಂಗಳು ೧೧೪, ೧೦೮. ಮೂರನೆಯ ಸಲ ಮತ್ತೆ ೧೧೨, ೧೦೬. ಕಾರ್ಡು ನೋಡಿ ಹಿಗ್ಗಿಹೋದೆ. ಅಳತೆ ಅಂದರೆ ಹೀಗಿರಬೇಕು!

"ಧೈರ್ಯವಾಗಿ ಹತ್ತಪ್ಪ," ಎಂದು ಕಳಿಸಿದೆ.

ಒಂಬತ್ತನೆಯ ದಿನ ಅವನ ಹೆಂಡತಿ ಕೆಂಪಮ್ಮ ಬಂದು ಬಾಗಿಲಲ್ಲೇ ನಿಂತಳು. "ಮರದಿಂದ ಬಿದ್ಬುಟ್ರು ಸಾ. ತೊಡೆ ಮೂಳೆ ಮುರ್ದೋಗದೆ. ಮೈಸೂರಾಸ್ಪತ್ರೇಲವ್ರೆ."

ಉಂಡು, ಮರದ ಬುಡದಲ್ಲೇ ಮಲಗಿದ್ದವನು ಎದ್ದು ಸೀದಾ ಹತ್ತಿದ್ದನಂತೆ. ಆದರೂ, ಕಾಲು ಜಾರಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಾಲ್ಕು ತಿಂಗಳ ಮೇಲೆ ಸಿದ್ದಯ್ಯ ಕೋಲೂರಿಕೊಂಡು ಬಂದ. ಈ ಸಲ ನಾನೇ ಅಳೆಯಲು ಹೋದೆ. ಮಲಗಪ್ಪ ಎಂದರೆ ಪರದೆಯಾಚೆಯ ಬೆಂಚಿನ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತುಕೊಂಡ. ಮತ್ತೆ ಹೇಳಿದೆ. ಅಲುಗಲಿಲ್ಲ.

"ನಿಮ್ ಕುರ್ಚಿ ಕಡೀಕೆ ಕಾಲ್ ಚಾಚ್ಕಂಡು ಮನೀಕಳಾಕಾಯ್ತದಾ ಸಾ? ಯಾವಾಗ್ಲೂ ಇಂಗೇ ಕೂತ್ಕಂಡೇ ನೋಡಿಸ್ಕಂಡಿರಾದು."

ರಾಚಪ್ಪನ ಮುಖ ನೋಡಿದೆ. ಅವನು ತಲೆ ತಗ್ಗಿಸಿದ. "ಎಷ್ಟ್ ಹೇಳಿದ್ರೂ ಮಲಗ್ನಿಲ್ಲ ಸಾರ್. ಕಾರ್ಡಲ್ಲಿ 'ಮಲಗಿದಾಗ' ಅಂತ ಅಚ್ಚಾಗಿತ್ತು. ಅಲ್ಲೇ ಬರ್ದೆ."

ಬೆಂಚನ್ನು ಆಚೆ ಕಡೆಗೆ ತಿರುಗಿಸಿ ಅವನನ್ನು ಮಲಗಿಸಿದೆ. ೧೬೮. ತೋಳು ಹಿಡಿದು ನಿಲ್ಲಿಸಿದೆ. ೧೦೪. ಪಾದರಸ ಇಳಿದದ್ದನ್ನು ನಂಬಲಾಗದೆ ಇನ್ನೊಮ್ಮೆ ನೋಡಿದೆ, ಅಷ್ಟೇ ಬಂತು. ಅವನ ಒತ್ತಡ ಕೂತಾಗಲೇ ಕುಸಿದಿರುತ್ತಿತ್ತು. ನಿಂತಾಗ ಇನ್ನು ಇಳಿಯಲು ಏನು ಉಳಿದಿತ್ತು? ಬೀರುವಿನಲ್ಲಿದ್ದ ಬೇರೆಯವರ ಕಾರ್ಡುಗಳ ನೆನಪಾಯಿತು. ಮುಂದಿನ ವಾರಗಳಲ್ಲಿ ಅವರೆಲ್ಲರನ್ನೂ ವಾಪಸ್ಸು ಕರೆಸಿ, ಎದುರಿಗೆ ನಿಂತು ಮತ್ತೆ ಅಳೆಸಿದೆ.

"ತಪ್ಪಾಯಿತು ಸಿದ್ದಯ್ಯ. ನಾನು ಒಂದು ಸಲವಾದರೂ ಪರದೆ ಸರಿಸಿ ನೋಡಬೇಕಿತ್ತು," ಎಂದು ಅವತ್ತೇ ಅವನಿಗೆ ಹೇಳಿದೆ.

"ನಿಮ್ದೇನ್ ತಪ್ಪು ಬುಡಿ ಸಾ," ಎಂದು ಅವನೇ ನನ್ನನ್ನು ಸಂತೈಸಿದ. "ಮನೀಕೊ ಅಂದಾಗ ನಾನು ಮನೀಕಬೇಕಾಗಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೂರು ಸಲವೂ ಹೆಚ್ಚುಕಡಿಮೆ ಒಂದೇ ಅಂಕಿ ಬಂದರೆ ಅಳತೆ ಸರಿಯಿದೆ ಎಂದು ನಂಬಿದ್ದೆ. ಒಂದೇ ತಪ್ಪನ್ನು ಮೂರು ಸಲ ಮಾಡಿದರೂ ಅಂಕಿ ಅಷ್ಟೇ ಚೆನ್ನಾಗಿ ಹೊಂದುತ್ತದೆ ಎಂಬುದು ಆಮೇಲೆ ತಿಳಿಯಿತು. ಪಾಠ ಕಲಿತದ್ದು ನಾನು. ಕಾಲು ಕುಂಟಾದದ್ದು ಸಿದ್ದಯ್ಯನದು.